ಎಣ್ಣೆ ಮೂಸಬ್ಬ ಪ್ರಧಾನರಾದದ್ದು

ಮಕ್ಕಾಕ್ಕೆ ಹೋಗುವವರು ರಾಬಿಗ್‌ನಲ್ಲಿ ಬಟ್ಟೆ ಬದಲಿಸುತ್ತಾರೆ. ಯಂಬೂ ಕಡೆಯಿಂದ ಬರುವ ಬಸ್ಸುಗಳು ಅಲ್ಲಿಯ ಮಸೀದಿಯ ಎದುರು ನಿಲ್ಲುತ್ತವೆ. ಪ್ಯಾಂಟು, ಜುಬ್ಬಾ, ಲುಂಗಿ ತೊಟ್ಟು ಇಳಿದ ಗಂಡಸರು ಸ್ನಾನ ಮಾಡಿ, ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಸುತ್ತಿಕೊಂಡು, ಉಮ್ರಾ ಯಾತ್ರೆಯ ನಿಯ್ಯತ್ತು, ಅಂದರೆ ಸಂಕಲ್ಪ, ಮಾಡಿ ಮತ್ತೆ ಹತ್ತುತ್ತಾರೆ. ಆ ಬಟ್ಟೆಗೂ ಆ ಸ್ಥಿತಿಗೂ ಇಹ್ರಾಮ್ ಎಂದು ಹೆಸರು. ಇಹ್ರಾಮಿನಲ್ಲಿ ಉಗುರು ಕತ್ತರಿಸಬಾರದು, ಅತ್ತರು ಹಚ್ಚಬಾರದು, ಜಗಳ ಆಡಬಾರದು, ಸಣ್ಣ ಹುಳವನ್ನೂ ಸುಮ್ಮನೆ ಕೊಲ್ಲಬಾರದು. ಸುಳ್ಳು ಹೇಳಬಾರದು ಎಂದು ಯಾರೂ ಬೇರೆಯಾಗಿ ಹೇಳುವುದಿಲ್ಲ. ಅದನ್ನು ಹೇಳಬೇಕಾಗಿಲ್ಲ ಎಂದುಕೊಂಡಿರುತ್ತಾರೆ.

ಹವ್ವಮ್ಮ ಐದು ವರ್ಷ ಈ ಬಸ್ಸುಗಳನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಬಸ್ಸು ಹೊರಡುವಾಗ ಒಳಗಿನಿಂದ "ಲಬ್ಬೈಕ್", ಇಗೋ ಬಂದೆ ದೇವರೇ, ಎಂಬ ಸ್ವರ ಏಳುತ್ತಿತ್ತು. ಮೀನು ಕೊಯ್ಯುತ್ತಿದ್ದರೂ ಅವಳು ತುಟಿಯೊಳಗೆ ಅದನ್ನೇ ಹೇಳಿಕೊಳ್ಳುತ್ತಿದ್ದಳು. ೧೯೮೧ರಲ್ಲಿ ಊರಿನಿಂದ ಬಂದ ಮೊದಲ ತಿಂಗಳಲ್ಲೇ ಒಂದು ಬಿಳಿ ನಿಲುವಂಗಿ ಹೊಲಿದು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮಡಚಿ, ಮತ್ತೆ ಅಲ್ಲೇ ಇಡುವಳು.

"ಈ ವಾರ ಹೋಗುವನಾ?" ಎಂದು ಗಂಡನನ್ನು ಕೇಳುವಳು.

"ಮಕ್ಕಾ ಎಲ್ಲಿಗಾದರೂ ಓಡಿ ಹೋಗ್ತದಾ ಹವ್ವಾ? ಎರಡು ಗಂಟೆಯ ದಾರಿ. ಹೋದರಾಯ್ತು."

ಗಂಡನ ಹೆಸರು ಮೂಸಬ್ಬ. ಮುಲ್ಕಿಯ ಆಚೆಯ ಅವರ ಊರಿನಲ್ಲಿ ಬರೀ ಮೂಸಬ್ಬ ಎಂದರೆ ಯಾರಿಗೂ ತಿಳಿಯದು. ಎಣ್ಣೆ ಮೂಸಬ್ಬ ಎನ್ನಬೇಕು.

ಆ ಹೆಸರು ಬಂದದ್ದು ರಾಸ್ ತನೂರಾದಿಂದ. ಬೊಂಬಾಯಿಯಲ್ಲಿ ಹಡಗು ಹತ್ತಿ ಅವನು ಅಲ್ಲಿಗೆ ಇಳಿದದ್ದು ೧೯೫೮ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಕೆಲಸ ಎಣ್ಣೆಯ ದೊಡ್ಡ ಟ್ಯಾಂಕಿಗಳ ತಳ ಬಾಚುವುದು. ಟ್ಯಾಂಕಿ ಖಾಲಿಯಾದಾಗ ತಳದಲ್ಲಿ ಮೊಣಕಾಲುದ್ದದ ಕಪ್ಪು ಕೆಸರು ಉಳಿಯುತ್ತದೆ. ಸಣ್ಣ ಬಾಗಿಲಿನಿಂದ ಒಳಗೆ ತೂರಿ ಅದನ್ನು ಸಲಿಕೆಯಲ್ಲಿ ತೋಡಿ ಹೊರಗೆ ಕೊಡಬೇಕು. ಹತ್ತು ನಿಮಿಷಕ್ಕೊಮ್ಮೆ ಹೊರಗೆ ಬಂದು ಉಸಿರು ತೆಗೆದುಕೊಳ್ಳದಿದ್ದರೆ ತಲೆ ಸುತ್ತಿ ಬೀಳುತ್ತಾರೆ. ಏಳು ವರ್ಷ ಆ ಕೆಲಸ ಮಾಡಿದ. "ಸೌದಿಯ ಎಣ್ಣೆಯನ್ನು ಉಳಿದವರು ಪೈಪಿನಲ್ಲಿ ತೆಗೆದರು, ನಾನು ಸಲಿಕೆಯಲ್ಲಿ ತೆಗೆದೆ" ಎಂದು ಮುಂದೆ ನಗುತ್ತಾ ಹೇಳುತ್ತಿದ್ದ. ಆದರೆ ಉಗುರಿನ ಸಂದಿಯ ಕಪ್ಪು ಮಾತ್ರ ನಗೆಯದ್ದಲ್ಲ. ಲಿಂಬೆಹುಳಿ ತಿಕ್ಕಿದ, ಬೂದಿ ತಿಕ್ಕಿದ, ಹೋಗಲಿಲ್ಲ.

ಆಮೇಲೆ ಅವನಿಗೆ ಒಂದು ಬುದ್ಧಿ ಹೊಳೆಯಿತು. ಗ್ಯಾರೇಜಿನವರು ಲಾರಿಗಳ ಸುಟ್ಟ ಎಣ್ಣೆಯನ್ನು ಮರಳಿಗೆ ಚೆಲ್ಲುತ್ತಿದ್ದರು. ಅದನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರಸ್ತೆ ಮಾಡುವ ಕಂಟ್ರಾಕ್ಟುದಾರರಿಗೆ ಮಾರಿದ. ಧೂಳು ಏಳದಂತೆ ಮಣ್ಣಿನ ದಾರಿಯ ಮೇಲೆ ಅದನ್ನು ಚಿಮುಕಿಸುತ್ತಿದ್ದರು. ಎರಡು ವರ್ಷದಲ್ಲಿ ಸ್ವಂತ ಲಾರಿ ಬಂತು.

ಸ್ವಂತ ಎಂದರೆ ಬಾಯಿಮಾತಿಗೆ. ಆ ದೇಶದಲ್ಲಿ ಹೊರಗಿನವನ ವ್ಯಾಪಾರ ಅವನ ಹೆಸರಿನಲ್ಲಿ ಇರುವುದಿಲ್ಲ. ಅಲ್ಲಿಯವನೊಬ್ಬ ಕಫೀಲ್ ಆಗಿ ನಿಲ್ಲಬೇಕು, ಎಲ್ಲವೂ ಅವನ ಹೆಸರಿನಲ್ಲಿ ಇರಬೇಕು. ಮೂಸಬ್ಬನಿಗೆ ಕಫೀಲ್ ಆದವರು ಅಬೂ ಹಾಮಿದ್ ಎಂಬ ಮುದುಕ. ಹುಟ್ಟೂರು ರಾಬಿಗ್, ಆಗ ರಾಸ್ ತನೂರಾದಲ್ಲಿ ಕಾವಲಿನ ಕೆಲಸದಲ್ಲಿದ್ದವರು. ರಾಬಿಗ್‌ನಲ್ಲಿ ದೊಡ್ಡ ರಿಫೈನರಿ ಬರುತ್ತದೆ ಎಂಬ ಸುದ್ದಿ ಹುಟ್ಟಿದಾಗ, "ನಮ್ಮೂರಿಗೆ ಬಾ" ಎಂದು ಮೂಸಬ್ಬನನ್ನು ಕರೆದುಕೊಂಡು ಹೋದದ್ದೂ ಅವರೇ. ಅವರದ್ದೇ ಬಯಲಿನಲ್ಲಿ ಮೂಸಬ್ಬ ಪ್ಲೈವುಡ್ಡಿನ ಸಾಲು ಕೋಣೆಗಳನ್ನು ಕಟ್ಟಿಸಿ, ಕೆಲಸದವರನ್ನು ತರುವ ಕಂಪೆನಿಗಳಿಗೆ ಬಾಡಿಗೆಗೆ ಕೊಟ್ಟ. ಲಾರಿ, ಡ್ರಮ್ಮು, ಕ್ಯಾಂಪು ಎಲ್ಲ ಮುದುಕನ ಹೆಸರಿನಲ್ಲಿ. ಇಪ್ಪತ್ತು ವರ್ಷದಲ್ಲಿ ಇಬ್ಬರ ನಡುವೆ ಒಂದು ಚೀಟಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಮುದುಕ ಎದ್ದು "ಯಲ್ಲಾ, ಇದೆಲ್ಲ ನನ್ನದು, ನೀನು ನಡಿ" ಎಂದಿದ್ದರೆ ಮೂಸಬ್ಬ ಚಪ್ಪಲಿ ಮೆಟ್ಟಿಕೊಂಡು ನಡೆಯಬೇಕಿತ್ತು. ಮುದುಕ ಹಾಗೆ ಹೇಳಲಿಲ್ಲ.

ಮೂಸಬ್ಬನೂ ಕೆಟ್ಟವನಾಗಿರಲಿಲ್ಲ. ಇದನ್ನು ಹವ್ವಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ಊರಿನಿಂದ ಹೊಸದಾಗಿ ಬಂದ ಎಷ್ಟೋ ಮಂದಿ ಮೊದಲ ರಾತ್ರಿ ಮಲಗಿದ್ದು ಅವನ ಚಾಪೆಯಲ್ಲಿ. ಬ್ಯಾರಿಯೋ, ಮೊಗವೀರನೋ, ಬಿಲ್ಲವನೋ ಎಂದು ಕೇಳಿದವನಲ್ಲ. ಕ್ಯಾಂಪಿನವರು ಅವನನ್ನು ಗೌರವದಿಂದ ಹಾಜಿಗಳು ಎನ್ನುತ್ತಿದ್ದರು. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಕ್ಯಾಂಪಿನಲ್ಲಿದ್ದ ನಮ್ಮ ಕಡೆಯವರೆಲ್ಲ ಅವನ ಮನೆಯಲ್ಲೇ ಉಣ್ಣಬೇಕು. ಹವ್ವಮ್ಮ ಪರದೆಯ ಹಿಂದಿನಿಂದ ಬಟ್ಟಲು ದಾಟಿಸುವಳು. ಯಾರ ದನಿ ಯಾವುದು, ಯಾರಿಗೆ ಖಾರ ಆಗುವುದಿಲ್ಲ ಎಂಬುದೆಲ್ಲ ಅವಳಿಗೆ ಗೊತ್ತಿತ್ತು.

ಇನ್ನು ಪಂಜಗುಡ್ಡೆಯ ವಿಷಯ. ಊರಿನ ಪಕ್ಕದ ಮೂರು ಎಕರೆ ಕೆಂಪುಕಲ್ಲಿನ ಗುಡ್ಡ ಅದು. ಮೂಸಬ್ಬ ಅದನ್ನು ಕೊಂಡದ್ದು ೧೯೭೯ರಲ್ಲಿ. ತಾನು ಸೌದಿಯಲ್ಲಿ, ಹೆಂಡತಿ ಊರಲ್ಲಿ. ಹಾಗಾಗಿ ಜಾಗ ಹವ್ವಮ್ಮನ ಹೆಸರಿಗೆ ಆಯಿತು. ಕುರ್‌ಆನ್ ಓದಬಲ್ಲವಳಾದರೂ ಅವಳಿಗೆ ಸಹಿ ಬರುತ್ತಿರಲಿಲ್ಲ. ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಬಂದಳು. ಆಮೇಲೆ ಮೂಸಬ್ಬ ರಾಬಿಗ್‌ನಲ್ಲಿ ಕುಳಿತು ಕ್ಯಾಂಪಿನ ಗುಮಾಸ್ತ ಶರೀಫನ ಕೈಯಲ್ಲಿ ಒಂದು ನಕ್ಷೆ ಬರೆಸಿದ. ಮೂವತ್ತು ಸೈಟು, ನಡುವೆ ಒಂದು ರಸ್ತೆ, ಮೇಲೆ ದೊಡ್ಡ ಅಕ್ಷರದಲ್ಲಿ 'ಗಲ್ಫ್ ಕಾಲನಿ'. ಮೂವತ್ತು ಮಂದಿ ಸಂಬಳದಿಂದ ತಿಂಗಳು ತಿಂಗಳು ಕೊಟ್ಟು ತೀರಿಸಿದರು. ಎಲ್ಲರೂ ಒಟ್ಟಿಗೆ ರಜೆಯಲ್ಲಿ ಹೋದಾಗ ರಿಜಿಸ್ಟ್ರಿ ಎಂದು ಮಾತಾಯಿತು. ಮೂವತ್ತು ಮಂದಿಗೆ ಒಟ್ಟಿಗೆ ರಜೆ ಯಾವ ಕಂಪೆನಿ ಕೊಡುತ್ತದೆ? ಆದರೂ ಯಾರಿಗೂ ಚಿಂತೆ ಇರಲಿಲ್ಲ.

"ಜಾಗ ಹವ್ವಕ್ಕನ ಹೆಸರಲ್ಲಿ ಅಲ್ವಾ ಮಾರಾಯ, ಮತ್ತೆಂತ ಹೆದರಿಕೆ?" ಎನ್ನುತ್ತಿದ್ದರು. ಅವಳ ಕೈಯ ಅನ್ನ ಉಂಡವರಿಗೆ ಬೇರೆ ಕಾಗದ ಬೇಕೆನಿಸಲಿಲ್ಲ.

ಅವರಲ್ಲಿ ಒಬ್ಬ ನೋಣಯ. ಪೈಪ್ ಫಿಟ್ಟರ್. ನಕ್ಷೆಯಲ್ಲಿ ಬಡಗು ಮೂಲೆಯ ಹತ್ತು ಸೆಂಟ್ಸು, ಹಳೆಯ ಕಲ್ಲುಬಾವಿ ಇದ್ದ ಸೈಟು, ಅವನದ್ದು. ಎಲ್ಲರಿಗಿಂತ ಮೊದಲು ಪೂರ್ತಿ ಕೊಟ್ಟು ಮುಗಿಸಿದವನೂ ಅವನೇ. ಒಂದು ದಿನ ಹವ್ವಮ್ಮನ ಅಡುಗೆಮನೆಯ ನಲ್ಲಿ ಸರಿಮಾಡಿ, ಬಾಗಿಲ ಹೊರಗೆ ಕೈ ಒರೆಸುತ್ತಾ ಹೇಳಿದ:

"ಅಕ್ಕ, ನಿಮ್ಮ ನಲ್ಲಿ ಅಳುವುದು ನಿಂತಿತು. ಇನ್ನು ಊರಲ್ಲಿ ನನ್ನ ಹೆಂಡತಿಯದ್ದೊಂದು ನಿಲ್ಲಿಸಲಿಕ್ಕೆ ಬಾಕಿ."

"ಎಂತ ಆಯ್ತು ವಾರಿಜಾಕ್ಷಿಗೆ?"

"ಆಗುವುದೆಂತ. ಅಣ್ಣನ ಮನೆಯ ಚಾವಡಿಯಲ್ಲಿ ಎರಡು ಹೆಣ್ಣುಮಕ್ಕಳನ್ನು ಹಾಕಿಕೊಂಡು ಇದ್ದಾಳೆ. ಅತ್ತಿಗೆಯ ಅಡುಗೆ ಆದಮೇಲೆ ಇವಳು ಒಲೆ ಹೊತ್ತಿಸಬೇಕು. ದೊಡ್ಡವಳು ಸ್ವರ್ಣಲತಾ ಮೊನ್ನೆ ಕಾಗದದಲ್ಲಿ ಮನೆಯ ಚಿತ್ರ ಬರೆದು ಕಳಿಸಿದ್ದಾಳೆ. ಬಾವಿ ಎಲ್ಲಿ, ತುಳಸಿಕಟ್ಟೆ ಎಲ್ಲಿ, ತಂಗಿ ವಿನೋದಾ ಮಲಗುವುದು ಎಲ್ಲಿ, ಎಲ್ಲ ಉಂಟು. ನನಗೆ ಮಾತ್ರ ಜಾಗ ಇಡಲಿಲ್ಲ. ಅಪ್ಪ ಹೇಗೂ ಸೌದಿಯಲ್ಲಿ ಅಲ್ವಾ ಅಂತೆ!"

ಹವ್ವಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ನೋಣಯ, ನಾನು ಬೆರಳು ಒತ್ತುವ ದಿನ ಬಂದರೆ ಮೊದಲು ನಿನ್ನ ಕಾಗದಕ್ಕೆ ಒತ್ತುತ್ತೇನೆ. ಇದು ನನ್ನ ಮಾತು."

"ನಿಮ್ಮ ಮಾತು ಸಾಕು ಅಕ್ಕ. ಸ್ಟಾಂಪು ಕಾಗದ ಬೇಡ."

ಮೂಸಬ್ಬನ ಮನಸ್ಸಿಗೆ ಬೇರೆ ಗಾಳಿ ಬಡಿದದ್ದು ೧೯೮೪ರ ರಜೆಯಲ್ಲಿ. ತಾಲೂಕು ಕಚೇರಿಗೆ ಯಾವುದೋ ನಕಲು ಪಡೆಯಲು ಹೋಗಿದ್ದ. ವಿದೇಶಿ ವಾಚು, ಇಸ್ತ್ರಿ ಹಾಕಿದ ಶರಟು. ಮೇಜಿನ ಹಿಂದಿದ್ದವನಿಗೆ ಅವನ ಅರ್ಧ ವಯಸ್ಸು. "ಯಾರು, ಎಣ್ಣೆ ಮೂಸಬ್ಬನಾ? ಅಲ್ಲೇ ನಿಲ್ಲು" ಎಂದ. ಎರಡು ಗಂಟೆ ನಿಂತ. ಅಷ್ಟರಲ್ಲಿ ಅದೇ ಊರಿನ ಮರದ ವ್ಯಾಪಾರಿ ಮುಝಫ್ಫರ್ ಸಾಹೇಬರು ಬಂದರು. ಒಳಗಿನಿಂದ ಕುರ್ಚಿ ಬಂತು, ಹಿಂದೆಯೇ ಚಾ ಬಂತು. ಸಾಹೇಬರು ಚಾ ಕುಡಿಯುತ್ತಾ, "ಏನು ಮೂಸಬ್ಬ, ಎಣ್ಣೆಗೆ ಈಗ ಎಷ್ಟು ರೇಟು?" ಎಂದು ಕೇಳಿದರು. ಎಲ್ಲರೂ ನಕ್ಕರು.

ರಾಬಿಗ್‌ಗೆ ವಾಪಸಾದ ದಿನ ಮೂಸಬ್ಬ ಉಣ್ಣುವ ಮೊದಲು ಬಹಳ ಹೊತ್ತು ಉಗುರು ತಿಕ್ಕಿದ. "ಅಲ್ಲಿ ನಾವು ಮಸೀದಿಗೆ ಮಾರ್ಬಲ್ ಹಾಕಿಸಬಹುದು, ಶಾಲೆಗೆ ಫ್ಯಾನು ಕೊಡಬಹುದು. ಕುರ್ಚಿ ಮಾತ್ರ ಸಿಗುವುದಿಲ್ಲ ಹವ್ವಾ" ಎಂದ. ಅವಳಿಗೆ ಅವನ ಮೇಲೆ ಮರುಕ ಬಂತು. ಅಂದು ಅವನ ಪರವಾಗಿ ದುಆ ಮಾಡಿದಳು: ಅಲ್ಲಾಹನೇ, ಇವರಿಗೆ ಊರಿನಲ್ಲಿ ಮರ್ಯಾದೆ ಕೊಡು.

೧೯೮೬ರಲ್ಲಿ ಎಣ್ಣೆಯ ಬೆಲೆ ಬಿತ್ತು. ರಾಬಿಗ್‌ನ ಕೆಲಸ ನಿಧಾನವಾಯಿತು. ಕ್ಯಾಂಪಿನ ಕೋಣೆಗಳು ಒಂದೊಂದಾಗಿ ಖಾಲಿಯಾದವು. ಕೆಲಸ ಹೋಗುವವರು ಯಾರು ಯಾರು ಎಂದು ಪ್ರತಿ ಶುಕ್ರವಾರ ಊಟದ ಹೊತ್ತಿಗೆ ಹೊಸ ಹೆಸರು ಕೇಳಿಬರುತ್ತಿತ್ತು. "ಊರಿಗೆ ಹೋದರೂ ಪಂಜಗುಡ್ಡೆ ಉಂಟಲ್ಲ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅದೇ ಹೊತ್ತಿಗೆ ಊರಿನಲ್ಲಿ ಮಂಡಲ ಪಂಚಾಯತಿ ಎಂಬ ಹೊಸ ವ್ಯವಸ್ಥೆ ಬಂದಿತ್ತು. ಜನವರಿಯಲ್ಲಿ ಚುನಾವಣೆ. ಗೆದ್ದ ಮೆಂಬರುಗಳು ಒಬ್ಬನನ್ನು ಪ್ರಧಾನನಾಗಿ ಆರಿಸುತ್ತಾರೆ. ಪ್ರಧಾನನಿಗೆ ಕಚೇರಿ, ಮೇಜು, ಒತ್ತಿದರೆ ಜವಾನ ಬರುವ ಬೆಲ್ಲು.

ಮೂಸಬ್ಬನ ಬಾಯಲ್ಲಿ ಬೇರೆ ಮಾತೇ ಇಲ್ಲವಾಯಿತು.

ಅಕ್ಟೋಬರಿನ ಒಂದು ಸಂಜೆ ಅವನು ಬಂದವನೇ ಹೇಳಿದ: "ಬಟ್ಟೆ ತೆಗೆದಿಡು ಹವ್ವಾ. ಬುಧವಾರ ಉಮ್ರಾಕ್ಕೆ ಹೋಗುವ."

ಅವಳು ಟ್ರಂಕು ತೆರೆದು ನಿಲುವಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಸುದ್ದಿ ಕ್ಯಾಂಪಿಗೆಲ್ಲ ಹಬ್ಬಿತು. ಅವರಿವರು ತಮ್ಮ ತಾಯಿಯ ಕಾಲುನೋವಿಗೆ, ತಂಗಿಯ ಮದುವೆಗೆ ಪ್ರಾರ್ಥಿಸಲು ಹೇಳಿ ಕಳಿಸಿದರು. ನೋಣಯ ಬಾಗಿಲಿಗೆ ಬಂದು ತಲೆ ತುರಿಸಿಕೊಂಡು ನಿಂತ.

"ನಮಗೆ ಅಲ್ಲಿಗೆ ಬರಲಿಕ್ಕಿಲ್ಲ ಅಕ್ಕ. ನನ್ನ ಮಕ್ಕಳ ಹೆಸರನ್ನೂ ಅಲ್ಲಿ ಒಮ್ಮೆ ಹೇಳ್ತೀರಾ?"

"ಮೊದಲು ಅದೇ" ಎಂದಳು ಹವ್ವಮ್ಮ.

ಬುಧವಾರ ಬೆಳಿಗ್ಗೆ ಮೂಸಬ್ಬ ಎರಡು ಬಿಳಿ ಬಟ್ಟೆಯಲ್ಲಿ, ಸೊಂಟಕ್ಕೆ ಚೀಲವಿದ್ದ ಅಗಲದ ಬೆಲ್ಟು ಬಿಗಿದು ಹೊರಟ. ರಾಬಿಗ್‌ನ ಮಸೀದಿಯಲ್ಲಿ ಇಬ್ಬರೂ ನಿಯ್ಯತ್ತು ಮಾಡಿದರು. ಪಿಕಪ್ಪಿನಲ್ಲಿ ಖರ್ಜೂರದ ಪೊಟ್ಟಣದಿಂದ ಒಂದು ಇರುವೆ ಹೊರಟು ಅವಳ ಮಣಿಕಟ್ಟಿನ ಮೇಲೆ ಹತ್ತಿತು. ಅವಳು ಒರೆಸಲು ಕೈ ಎತ್ತಿದಳು.

"ಕೊಲ್ಲಬೇಡ, ಇಹ್ರಾಮಿನಲ್ಲಿದ್ದೇವೆ" ಎಂದ ಮೂಸಬ್ಬ. ಗಾಡಿ ಬದಿಗೆ ನಿಲ್ಲಿಸಿ, ಆ ಇರುವೆಯನ್ನು ಕಾಗದದ ಚೂರಿನ ಮೇಲೆ ಹತ್ತಿಸಿ ಹೊರಗೆ ಬಿಟ್ಟ. ಈ ಮನುಷ್ಯನನ್ನು ಇಷ್ಟು ವರ್ಷ ನಾನು ಪೂರ್ತಿ ತಿಳಿದಿರಲಿಲ್ಲ ಎಂದು ಅವಳ ಎದೆ ತುಂಬಿ ಬಂತು.

ಜಿದ್ದಾ ಹತ್ತಿರವಾದಾಗ ಅವನು ಹೇಳಿದ: "ದಾರಿಯಲ್ಲೇ ಒಂದು ಸಣ್ಣ ಕೆಲಸ ಉಂಟು, ಇಂಡಿಯಾದ ಕಚೇರಿಯಲ್ಲಿ. ಪಂಜಗುಡ್ಡೆಯನ್ನು ಕ್ಯಾಂಪಿನ ಹುಡುಗರ ಹೆಸರಿಗೆ ಮಾಡಲಿಕ್ಕೆ ನೀನೇ ಊರಿಗೆ ಬರಬೇಕಾಗ್ತದೆ. ಅದು ಬೇಡ ಅಂತ ಒಂದು ಮುಖ್ತ್ಯಾರು ಕಾಗದ. ನಿನ್ನ ಬದಲಿಗೆ ನಾನು ಸಹಿ ಹಾಕಬಹುದು."

"ನೋಣಯನದ್ದು ಮೊದಲು ಆಗಬೇಕು."

"ನೋಣಯನದ್ದೇ ಮೊದಲು" ಎಂದ ಮೂಸಬ್ಬ, ಭುಜದ ಬಿಳಿ ಬಟ್ಟೆಯನ್ನು ಸರಿಪಡಿಸಿಕೊಳ್ಳುತ್ತಾ.

ಕಚೇರಿಯಲ್ಲಿ ಉದ್ದ ಸಾಲು ಇತ್ತು. ಇಹ್ರಾಮಿನಲ್ಲಿದ್ದವರನ್ನು ನೋಡಿ ಜನ ತಾವಾಗಿ ಬದಿಗೆ ಸರಿದರು. ಒಬ್ಬ ಮುದುಕ "ನಮಗಾಗಿ ದುಆ ಮಾಡಿ ತಾಯಿ" ಎಂದ. ಮೇಜಿನ ಹಿಂದಿನ ಅಧಿಕಾರಿ ಕಾಗದವನ್ನು ಮೇಲಿನಿಂದ ಕೆಳಗೆ ನೋಡಿ, ಹವ್ವಮ್ಮನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು: "ಅಮ್ಮಾ, ಇದರಲ್ಲಿ ಏನು ಬರೆದಿದೆ ಗೊತ್ತಾ? ಓದಿ ಹೇಳಲಾ?"

ಕಾಗದ ಇಂಗ್ಲಿಷಿನಲ್ಲಿತ್ತು. ಹವ್ವಮ್ಮ ಗಂಡನನ್ನು ನೋಡಿದಳು. ತೆರೆದ ಬಲಭುಜ, ನರೆತ ಎದೆಗೂದಲು, ತುಟಿಯಲ್ಲಿ ಇನ್ನೂ ನಿಲ್ಲದ ಲಬ್ಬೈಕ್. ಓದಿ ಹೇಳಿ ಎಂದರೆ, ಇಹ್ರಾಮಿನಲ್ಲಿ ನಿಂತವನನ್ನು ನಾಲ್ಕು ಜನರ ಎದುರು ಸುಳ್ಳುಗಾರ ಎಂದಂತೆ. ಅಂಥ ಮಾತು ತನ್ನ ಬಾಯಿಂದ ಬಂದರೆ ತನ್ನ ಉಮ್ರಾ ಏನಾದೀತು?

"ಬೇಡ, ಗೊತ್ತುಂಟು" ಎಂದಳು.

ಅಧಿಕಾರಿ ಇನ್ನೊಮ್ಮೆ ಕೇಳಿದರು. ಅವಳು ಇನ್ನೊಮ್ಮೆ ಬೇಡ ಎಂದಳು. ನೀಲಿ ಶಾಯಿಗೆ ಬೆರಳು ಅದ್ದಿ ಒತ್ತಿದಳು.

ಆ ದಿನ ಮಕ್ಕಾದಲ್ಲಿ ಕಂಡದ್ದನ್ನು ಅವಳು ಯಾರಿಗೂ ಸರಿಯಾಗಿ ಹೇಳಲಾರಳು. ಕಅಬಾ ಮೊದಲ ಸಲ ಕಣ್ಣಿಗೆ ಬಿದ್ದಾಗ ಕೇಳಿದ್ದು ಸಿಗುತ್ತದೆ ಎಂದು ಊರಿನ ಉಸ್ತಾದರು ಹೇಳಿದ್ದರು. ಕೊಟ್ಟ ಮಾತಿನಂತೆ ಅವಳು ಮೊದಲು ಸ್ವರ್ಣಲತಾ, ವಿನೋದಾ ಎಂದಳು. ಅವರ ತಲೆಯ ಮೇಲೊಂದು ಮಾಡು ಕೊಡು, ತಾಯಿಗೊಂದು ಒಲೆ ಕೊಡು ಎಂದಳು. ಎತ್ತಿದ ಕೈಯ ಹೆಬ್ಬೆರಳಿನಲ್ಲಿ ನೀಲಿ ಬಣ್ಣ ಇನ್ನೂ ಇತ್ತು. ಬಿಳಿ ಅಂಗಿಗೆ ತಾಗೀತೆಂದು ಕಅಬಾದ ಏಳು ಸುತ್ತೂ ಆ ಬೆರಳನ್ನು ಮುಷ್ಟಿಯೊಳಗೆ ಇಟ್ಟುಕೊಂಡೇ ನಡೆದಳು.

ನವೆಂಬರಿನಲ್ಲಿ ಮೂಸಬ್ಬ ಊರಿಗೆ ಹೋದ. ಹವ್ವಮ್ಮನ ಮನೆಗೆ ರೊಟ್ಟಿ, ಮೀನು, ನೀರು ಯಾವುದಕ್ಕೂ ಕೊರತೆಯಾಗದಂತೆ ಅಬೂ ಹಾಮಿದ್‌ರ ಮನೆಯವರು ನೋಡಿಕೊಂಡರು. ಫೆಬ್ರವರಿಯಲ್ಲಿ ಊರಿನಿಂದ ಬಂದವರ ಕೈಯಲ್ಲಿ ಒಂದು ಕ್ಯಾಸೆಟ್ಟು ಬಂತು. ಶರೀಫ್ ಟೇಪ್ ರೆಕಾರ್ಡರ್ ತಂದು ಜಗಲಿಯಲ್ಲಿಟ್ಟ. ಕ್ಯಾಂಪಿನವರೆಲ್ಲ ಸುತ್ತ ಕುಳಿತರು. ಪಟಾಕಿ ಸಿಡಿಯಿತು, ಜೈಕಾರ ಕೇಳಿತು. ಯಾರೋ "ಪ್ರಧಾನರೇ, ಈ ಕುರ್ಚಿಯಲ್ಲಿ ಕೂತುಕೊಳ್ಳಿ" ಎಂದರು. ಕುರ್ಚಿ ಎಳೆಯುವ ಕರಕರ ಶಬ್ದವೂ ಕೇಳಿತು. ಆಮೇಲೆ ಮೂಸಬ್ಬನ ದನಿ: "ಹವ್ವಾ, ಕೂತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪರದೆಯ ಹಿಂದೆ ಅವಳೂ ಕಣ್ಣೊರೆಸಿಕೊಂಡಳು.

ಮಾರ್ಚಿನಲ್ಲಿ ವಾರಿಜಾಕ್ಷಿಯ ಕಾಗದ ಬಂತು. ನೋಣಯ ಅದನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ತಮಾಷೆಯ ಮಾತೇನೂ ಆಡದೆ ಓದಿದ:

"ಪಂಜಗುಡ್ಡೆಯಲ್ಲಿ ಮುಝಫ್ಫರ್ ಸಾಹೇಬರು ಕೆಂಪುಕಲ್ಲಿನ ಕೋರೆ ಮಾಡಿದ್ದಾರೆ. ನಮ್ಮ ಮೂಲೆಯಿಂದಲೇ ಸುರು ಮಾಡಿದ್ದು. ಅಲ್ಲಿ ಕಲ್ಲು ಒಳ್ಳೆಯದಂತೆ. ನಾನು ಹೋಗಿ ಕೇಳಿದೆ. ಗುಡ್ಡೆ ಪೂರ್ತಿ ಅವರಿಗೆ ಮಾರಿ ಆಗಿದೆ, ಹವ್ವಮ್ಮನವರ ಹೆಬ್ಬೆಟ್ಟು ಉಂಟು ಅಂತ ಹೇಳಿದರು. ಬಾವಿಯ ಕಟ್ಟೆ ಕೂಡ ಕಿತ್ತು ಹಾಕಿದ್ದಾರೆ. ನಮ್ಮ ಹತ್ತು ಸೆಂಟ್ಸು ಈಗ ಎರಡಾಳು ಆಳದ ಹೊಂಡ. ವಿನೋದಾ ಇಣುಕಲಿಕ್ಕೆ ಹೋದಳು, ಎಳೆದುಕೊಂಡು ಬಂದೆ."

ಕಾಗದ ಮಡಚಿ ಕೇಳಿದ: "ನಿಮ್ಮ ಹೆಬ್ಬೆಟ್ಟು ಹೌದಾ ಅಕ್ಕ?"

ಹವ್ವಮ್ಮ ತನ್ನ ಬೆರಳು ನೋಡಿದಳು. ಶಾಯಿ ಹೋಗಿ ತಿಂಗಳುಗಳಾಗಿದ್ದವು.

"ಹೌದು. ಓದಿ ಹೇಳಲಾ ಅಂತ ಅವರು ಎರಡು ಸಲ ಕೇಳಿದರು, ನೋಣಯ. ಬೇಡ ಅಂದದ್ದು ನಾನೇ."

ಅವನು ಕಾಗದವನ್ನು ಕಿಸೆಗೆ ಹಾಕಿದ. "ನಲ್ಲಿ ಸರಿ ಉಂಟಲ್ಲ?" ಎಂದು ಕೇಳಿ ಹೋದ.

ಅವಳು ಶರೀಫನನ್ನು ಕರೆಸಿದಳು. ಆ ಮುಖ್ತ್ಯಾರು ಕಾಗದ ಟೈಪ್ ಮಾಡಿದವನು ಅವನೇ ಎಂದು ಅವಳಿಗೆ ಗೊತ್ತಿತ್ತು. ಶರೀಫ್ ಪರದೆಯ ಆಚೆ ನೆಲ ನೋಡುತ್ತಾ ಹೇಳಿದ: "ಹಾಜಿಗಳು ಹೇಳಿದ್ದನ್ನು ಹೊಡೆದೆ ಅಕ್ಕ. ನನಗೆ ಹೆಂಡತಿ ಮಕ್ಕಳಿದ್ದಾರೆ."

"ಅದರಲ್ಲಿ ಎಂತ ಇತ್ತು?"

"ಜಾಗವನ್ನು ಮುಝಫ್ಫರ್ ಸಾಹೇಬರಿಗೆ ಮಾರುವ ಅಧಿಕಾರ ಅಂತಲೇ ಇತ್ತು. ಎರಡನೇ ಸಾಲಿನಲ್ಲೇ."

ಎರಡನೇ ಸಾಲು. ಓದಿಸಿದ್ದರೆ ಆ ಅಧಿಕಾರಿ ಒಂದು ಉಸಿರಿನಲ್ಲಿ ಅಲ್ಲಿಗೆ ತಲುಪುತ್ತಿದ್ದರು.

ಎರಡು ವಾರದಲ್ಲಿ ಮೂಸಬ್ಬ ಬಂದ, ವ್ಯವಹಾರ ಮುಗಿಸಿ ಹೆಂಡತಿಯನ್ನು ಕರೆದುಕೊಂಡು ಹೋಗಲು. ಚೀಲದಲ್ಲಿ ಹಾರ ಹಾಕಿಸಿಕೊಂಡ ಫೋಟೋಗಳು, ಮೈಮೇಲೆ ಹೊಸ ಬಿಳಿ ಶರಟು. ಮಂಗಳೂರಿನ ಯಾವುದೋ ಕ್ಷೌರದಂಗಡಿಯಲ್ಲಿ ಉಗುರನ್ನು ಬುಡದವರೆಗೆ ಕತ್ತರಿಸಿಕೊಂಡಿದ್ದ. ಹವ್ವಮ್ಮ ಚಾ ಕೊಟ್ಟು ಎದುರು ನಿಂತಳು.

"ಪಂಜಗುಡ್ಡೆ ಎಂತ ಆಯ್ತು?"

"ಓ, ಅದಾ?" ಮೂಸಬ್ಬ ಚಾ ಆರಿಸುತ್ತಾ ಹೇಳಿದ. "ಮುಝಫ್ಫರನ ಕೈಯಲ್ಲಿ ಎಂಟು ಮೆಂಬರು ಇದ್ದರು ಹವ್ವಾ. ಆ ಎಂಟು ಇಲ್ಲದಿದ್ದರೆ ನಾನು ಪ್ರಧಾನ ಆಗುವುದುಂಟಾ? ಅವನಿಗೆ ಗುಡ್ಡೆ ಬೇಕಿತ್ತು."

"ಹುಡುಗರ ಮನೆ?"

"ಬೇರೆ ಕಡೆ ಕೊಡುವ. ಸರಕಾರಿ ಸೈಟು ಬರ್ತದೆ. ಯಾರಿಗೆ ಅಂತ ಪಟ್ಟಿ ಬರೆಯುವವ ನಾನೇ ಅಲ್ವಾ?"

"ಗಲ್ಫಿನಲ್ಲಿ ದುಡಿಯುವವರಿಗೆ ಬಡವರ ಸೈಟು ಕೊಡ್ತಾರಾ?"

ಅವನು ಚಾ ಗ್ಲಾಸಿಗೆ ಮತ್ತೊಮ್ಮೆ ಊದಿದ.

"ಇಹ್ರಾಮಿನಲ್ಲಿ ನಿಂತು ನನಗೆ ಸುಳ್ಳು ಹೇಳಿದಿರಿ."

"ಸುಳ್ಳು ಎಂತದ್ದು? ಆಗ ನನ್ನ ಮನಸ್ಸಿನಲ್ಲಿ ಹುಡುಗರಿಗೆ ಕೊಡುವುದೇ ಇತ್ತು. ಆಮೇಲೆ ಪರಿಸ್ಥಿತಿ ಬದಲಾಯ್ತು."

"ಎರಡನೇ ಸಾಲಿನಲ್ಲೇ ಮುಝಫ್ಫರನ ಹೆಸರು ಇತ್ತಂತೆ."

ಮೂಸಬ್ಬ ಗ್ಲಾಸು ಕೆಳಗಿಟ್ಟ. "ಶರೀಫ್ ಹೇಳಿದನಾ?" ಎಂದ. ಅಷ್ಟೇ ಕೇಳಿದ.

"ನನ್ನನ್ನು ಜಿದ್ದಾಕ್ಕೆ ಕರೆದುಕೊಂಡು ಹೋಗಿ. ಆ ಕಾಗದ ರದ್ದು ಮಾಡಿ ಬರುತ್ತೇನೆ."

"ಮಾರಿ ಆದಮೇಲೆ ಎಂತ ರದ್ದು ಮಾಡುವುದು? ಹೊಂಡವನ್ನಾ?"

ಅವಳ ಇಕಾಮಾ ಎಂಬ ವಾಸದ ಪರವಾನಗಿ, ಪಾಸ್‌ಪೋರ್ಟು ಎಲ್ಲ ಅವನ ಪೆಟ್ಟಿಗೆಯಲ್ಲಿದ್ದವು. ಅವನಿಲ್ಲದೆ ಅವಳು ರಾಬಿಗ್‌ನ ಪೇಟೆ ದಾಟುವಂತಿರಲಿಲ್ಲ. ಅವಳು ಕೊನೆಯ ಒಂದು ಮಾತು ಕೇಳಿದಳು.

"ಇಪ್ಪತ್ತು ವರ್ಷ ನಿಮ್ಮದೆಲ್ಲ ಅಬೂ ಹಾಮಿದ್‌ರ ಹೆಸರಲ್ಲಿತ್ತು. ಆ ಮುದುಕ ನಿಮಗೆ ಹೀಗೆ ಮಾಡಿದ್ದರೆ?"

"ಅವನಿಗೆ ಓಟಿಗೆ ನಿಲ್ಲಲಿಕ್ಕೆ ಇರಲಿಲ್ಲ" ಎಂದ ಪ್ರಧಾನ ಮೂಸಬ್ಬ.

ರಂಜಾನ್ ತಿಂಗಳಿಗೆ ಎರಡು ವಾರ ಇರುವಾಗ, ಹೊರಡುವ ಮೊದಲಿನ ಶುಕ್ರವಾರ, ಕ್ಯಾಂಪಿನಲ್ಲಿ ಸನ್ಮಾನ ಇಟ್ಟುಕೊಂಡರು. ಯಾರೂ ಬರಲಾರರು ಎಂದು ಹವ್ವಮ್ಮ ಎಣಿಸಿದ್ದಳು. ಆದರೆ ಪಂಜಗುಡ್ಡೆಗೆ ದುಡಿದು ಕೊಟ್ಟವರ ಪೈಕಿ ರಾಬಿಗ್‌ನಲ್ಲಿ ಉಳಿದಿದ್ದ ಹತ್ತೊಂಬತ್ತು ಮಂದಿಯಲ್ಲಿ ಹದಿನೆಂಟು ಮಂದಿ ಬಂದರು. ಅವರ ಇಕಾಮಾ ಕೂಡ ಅಬೂ ಹಾಮಿದ್‌ರ ಹೆಸರಿನದ್ದೇ, ಮೂಸಬ್ಬ ಹೋದ ಮೇಲೆ ಅವರು ಬೇರೆ ಕಫೀಲನ ಕೈಗೆ ಹೋಗಬೇಕಿತ್ತು. ಅದಕ್ಕೆ ಮೂಸಬ್ಬನ ಒಂದು ಮಾತು ಬೇಕಿತ್ತು. ಇಸ್ತ್ರಿ ಹಾಕಿದ ಶರಟು ತೊಟ್ಟು, ಕಾಲು ತೊಳೆದು, ಗೋಡೆಯ ಬದಿಗೆ ಸಾಲಾಗಿ ಕುಳಿತರು. ಶರೀಫ್ ಪ್ಲಾಸ್ಟಿಕ್ ಹೂವಿನ ಹಾರ ಹಾಕಿ, ಬರೆದು ತಂದ ಭಾಷಣ ಓದಿದ.

"ಕಡಲಾಚೆಯಿಂದ ಬಂದು, ಬೆವರು ಸುರಿಸಿ, ನಮ್ಮೆಲ್ಲರ ಹಿತಕ್ಕಾಗಿ ದುಡಿದ, ನಮಗೆಲ್ಲ ನೆಲೆಯ ದಾರಿ ತೋರಿಸಿದ..."

ಪರದೆಯ ಹಿಂದಿನಿಂದ ಹವ್ವಮ್ಮನ ದನಿ ಬಂತು. ದೊಡ್ಡ ದನಿಯೇನಲ್ಲ. ಐದು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಎಲ್ಲರಿಗೂ ಕೇಳುವಂತೆ ಆಡಿದ ಮೊದಲ ಮಾತು ಅದು.

"ಪಂಜಗುಡ್ಡೆಯನ್ನು ಇವರು ಮಾರಿದ್ದಾರೆ. ನನ್ನ ಬೆರಳಿನಿಂದ ಮಾರಿದ್ದಾರೆ. ನಾನು ಓದಿಸಿ ಕೇಳಲಿಲ್ಲ. ನೀವೆಲ್ಲ ನನ್ನ ಹೆಸರು ನಂಬಿದಿರಿ. ನನ್ನನ್ನು ಮಾಫ್ ಮಾಡಬೇಡಿ."

ಶರೀಫ್ ಕಾಗದ ಹಿಡಿದು ನಿಂತೇ ಇದ್ದ. ಯಾರೋ ಕೆಮ್ಮಿದರು. ಯಾರಿಗೂ ಅದು ಹೊಸ ಸುದ್ದಿಯಲ್ಲ, ಎಲ್ಲರ ಮನೆಯಿಂದಲೂ ಕಾಗದ ಬಂದಿತ್ತು. ಎಲ್ಲರೂ ಮೂಸಬ್ಬನ ಮುಖ ನೋಡಿದರು.

"ಅವಳಿಗೆ ಮೈ ಸರಿ ಇಲ್ಲ" ಎಂದ ಅವನು, ಕೊರಳಿನ ಹಾರ ಸರಿಪಡಿಸುತ್ತಾ. "ಏಳಿ, ಕೈ ತೊಳೆಯಿರಿ. ಬಿರಿಯಾನಿ ತಣ್ಣಗಾಗ್ತದೆ."

ಒಬ್ಬ ಎದ್ದ, ಇನ್ನೊಬ್ಬ ಎದ್ದ. ಬಟ್ಟಲುಗಳು ತುಂಬಿದವು. ಹವ್ವಮ್ಮ ಗೋಡೆಗೆ ಒರಗಿ, ತಾನೇ ಬೆಳಗಿನಿಂದ ಬೇಯಿಸಿದ್ದನ್ನು ಅವರು ಉಣ್ಣುವ ಸದ್ದು ಕೇಳಿದಳು. ಯಾರೋ ಮೆಲ್ಲಗೆ "ಇನ್ನು ಸ್ವಲ್ಪ ಸೊಪ್ಪಿನ ಚಟ್ನಿ ಉಂಟಾ?" ಎಂದು ಕೇಳಿದರು.

ಬಾರದೆ ಉಳಿದವನು ನೋಣಯ. ಅವನು ಮರುದಿನ ಬೆಳಿಗ್ಗೆ ಬಂದ. ದೂರದ ಹಫ್ರ್ ಅಲ್ ಬಾತಿನ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತ್ತು. ಮೂಸಬ್ಬನ ಮಾತಿಗೆ ಕಾಯದೆ ಅವನು ನೇರವಾಗಿ ಅಬೂ ಹಾಮಿದ್‌ರ ಬಳಿಗೇ ಹೋಗಿ ಕೇಳಿ, ಬಿಡುಗಡೆಯ ಕಾಗದ ಪಡೆದಿದ್ದ. ಹವ್ವಮ್ಮ ಮೊದಲೇ ಬಿಚ್ಚಿಟ್ಟಿದ್ದ ನಾಲ್ಕು ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಬಾಗಿಲ ಸಂದಿಯಿಂದ ಚಾಚಿದಳು.

"ಇದು ನನ್ನ ಮಹರ್, ಮದುವೆಯಲ್ಲಿ ನನಗೆ ಸಿಕ್ಕಿದ್ದು. ಇವರದ್ದಲ್ಲ. ವಾರಿಜಾಕ್ಷಿಗೆ ಕೊಡು."

ನೋಣಯ ಮುಟ್ಟಲಿಲ್ಲ. "ಬೇಡ ಅಕ್ಕ. ನಾಳೆ ಹಾಜಿಗಳು ಬಳೆ ಕಾಣುವುದಿಲ್ಲ ಅಂತ ಒಂದು ಮಾತು ಹೇಳಿದರೆ, ಕಳ್ಳರ ಕೈ ಕಡಿಯುವ ಈ ಊರಲ್ಲಿ ನನ್ನ ಕೈ ಉಳಿಯಲಿಕ್ಕಿಲ್ಲ. ಕೈ ಇಲ್ಲದೆ ಪೈಪು ತಿರುಗಿಸುವುದು ಹೇಗೆ?" ನಗಲು ನೋಡಿದ, ಆಗಲಿಲ್ಲ.

"ಇನ್ನೆಷ್ಟು ವರ್ಷ ನೋಣಯ?"

"ಮೊದಲಿನಿಂದ ಸುರು ಅಲ್ವಾ. ಆರೋ ಏಳೋ. ಅಷ್ಟರೊಳಗೆ ದೊಡ್ಡವಳಿಗೆ ಮದುವೆಯ ವಯಸ್ಸಾಗ್ತದೆ. ಮನೆಯ ಚಿತ್ರ ಬರೆದವಳು ಮನೆಯಲ್ಲಿ ಇರಲಿಕ್ಕಿಲ್ಲ." ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಮಕ್ಕಾದಲ್ಲಿ ಮಕ್ಕಳ ಹೆಸರು ಹೇಳಿದ್ದಿರಾ ಅಕ್ಕ?" ಎಂದ.

"ಹೇಳಿದ್ದೆ. ಮೊದಲು ಅದೇ ಹೇಳಿದ್ದು."

"ಸಾಕು" ಎಂದು ಅವನು ಹೊರಟ. ಅವನು ಹೋದ ಮೇಲೆ ಬಳೆಗಳನ್ನು ಮತ್ತೆ ಕೈಗೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಕರವಸ್ತ್ರದ ಗಂಟು ಹಾಗೆಯೇ ಟ್ರಂಕಿನ ತಳಕ್ಕೆ ಹೋಯಿತು.

ವಿಮಾನಕ್ಕೆ ಮೂರು ದಿನ ಇರುವಾಗ ಮೂಸಬ್ಬ ಮತ್ತೆ ಆ ಬಿಳಿ ಬಟ್ಟೆಗಳನ್ನು ಹೊರಗೆ ತೆಗೆದ.

"ಕೊನೆಯ ಸಲ ಒಂದು ಉಮ್ರಾ ಮಾಡುವ. ನೀನೂ ಹೊರಡು. ಈ ಸಲ ಯಾವ ಕಚೇರಿಯೂ ಇಲ್ಲ, ನೇರ ಮಕ್ಕಾ."

"ನಾನು ಬರುವುದಿಲ್ಲ."

"ಐದು ವರ್ಷ ಇದಕ್ಕಾಗಿ ನನ್ನ ತಲೆ ತಿಂದಿದ್ದಿ. ಇನ್ನು ಈ ಜನ್ಮದಲ್ಲಿ ಸಿಗ್ತದೋ ಇಲ್ಲವೋ. ಎಷ್ಟು ಮಂದಿ ಇದಕ್ಕಾಗಿ ಅಳ್ತಾರೆ ಗೊತ್ತುಂಟಾ?"

"ನಾನೂ ಅತ್ತಿದ್ದೆ" ಎಂದಳು ಹವ್ವಮ್ಮ. "ಆ ಬಟ್ಟೆ ನಿಮ್ಮ ಮೈಮೇಲೆ ಕಂಡರೆ ನನಗೆ ಈಗ ಹೆದರಿಕೆ ಆಗ್ತದೆ."

ಅವನು ಒಬ್ಬನೇ ಹೋದ. ಅಡುಗೆಮನೆಯ ಕಿಟಕಿಯಿಂದ ಅವಳು ಅವನು ಬಸ್ಸು ಹತ್ತುವುದನ್ನು ಕಂಡಳು. ಬಸ್ಸಿನಿಂದ ಲಬ್ಬೈಕ್ ಎಂಬ ಸ್ವರ ಎದ್ದಿತು. ಅವಳ ತುಟಿ ಅಭ್ಯಾಸದಿಂದ ಅಲುಗಿತು. ಅದನ್ನು ಅವಳು ನಿಲ್ಲಿಸಲಿಲ್ಲ. ಅದು ಅವಳ ಮತ್ತು ಅಲ್ಲಾಹನ ನಡುವಿನದ್ದು, ಬಸ್ಸಿನಲ್ಲಿದ್ದವನದ್ದಲ್ಲ.

ಮರುದಿನ ಅವನು ತಲೆ ಬೋಳಿಸಿಕೊಂಡು, ಒಂದು ಕ್ಯಾನು ಮಕ್ಕಾದ ಝಂಝಂ ಬಾವಿಯ ನೀರಿನೊಂದಿಗೆ ಬಂದ. ಒಂದು ಲೋಟ ತುಂಬಿ ಅವಳಿಗೆ ಕೊಟ್ಟ. ತೆಗೆದುಕೊಳ್ಳುವಳೋ ಇಲ್ಲವೋ ಎಂದು ಅವನಿಗೂ ಅಳುಕಿತ್ತು. ಅವಳು ತೆಗೆದುಕೊಂಡಳು. ನೀರೇನು ತಪ್ಪು ಮಾಡಿದೆ? ಕಿಬ್ಲಾದ ಕಡೆ, ಮಕ್ಕಾದ ದಿಕ್ಕಿಗೆ, ತಿರುಗಿ, ಬಿಸ್ಮಿಲ್ಲಾ ಹೇಳಿ, ಮೂರು ಗುಟುಕಿನಲ್ಲಿ ಕುಡಿದಳು. ಪ್ರತಿ ಗುಟುಕಿನ ನಡುವೆ ಕಣ್ಣು ಮುಚ್ಚಿ ಏನೋ ಕೇಳಿಕೊಂಡಳು.

"ನನಗೂ ದುಆ ಮಾಡಿದಿಯಾ?" ಎಂದು ಮೂಸಬ್ಬ ಕೇಳಿದ.

"ಇಲ್ಲ" ಎಂದಳು.

ಲೋಟ ತೊಳೆದು ಬೋರಲು ಇಟ್ಟು, ಅವನ ಹಾರದ ಫೋಟೋಗಳನ್ನು ಪೆಟ್ಟಿಗೆಗೆ ತುಂಬಲು ಹೋದಳು.